ಹಾಡದೆ ಕಳೆದ ವರ್ಷಗಳು



ರಾಗ ಎಲ್ಲಿಂದ ಬರುತ್ತದೆ? ಸಂಗೀತದ ಪಠ್ಯಪುಸ್ತಕ ತೆರೆದರೆ ಅಲ್ಲೊಂದು ಲೆಕ್ಕವಿದೆ. ಒಂದು ಥಾಟಿನ ಏಳು ಸ್ವರಗಳಲ್ಲಿ ಷಡ್ಜವನ್ನು ಬಿಡದೆ ಏಳು, ಆರು ಅಥವಾ ಐದು ಸ್ವರಗಳನ್ನು ಆರಿಸಿದರೆ ಆರೋಹ 22 ಬಗೆ, ಅವರೋಹವೂ 22 ಬಗೆ. ಗುಣಿಸಿದರೆ 484. ವಿಜ್ಞಾನ ಓದಿದವರಿಗೆ ಇಂಥ ಲೆಕ್ಕ ಬಹಳ ಹಿಡಿಸುತ್ತದೆ. ಆದರೆ ಈ 484ರಲ್ಲಿ ಜನ ಹಾಡುವುದು ಬೆರಳೆಣಿಕೆಯಷ್ಟನ್ನು ಮಾತ್ರ. ಉಳಿದವು ಕಾಗದದ ಮೇಲೆಯೇ ಇವೆ. ಏಕೆ?

ಇದಕ್ಕೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟವರು ನಮ್ಮ ಸೀಮೆಯವರು. ಗರಗದಿಂದ ಬೆಳಗಾವಿಯತ್ತ ಹೋದರೆ ಆ ಜಿಲ್ಲೆಯಲ್ಲಿ ಸುಳೇಭಾವಿ ಎಂಬ ಊರಿದೆ. 1924ರ ಏಪ್ರಿಲ್ 8ರಂದು ಅಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕನೇ ಮುಂದೆ ಕುಮಾರ ಗಂಧರ್ವ. ದೊಡ್ಡ ಉಸ್ತಾದರ ಗ್ರಾಮಫೋನ್ ತಟ್ಟೆ ಕೇಳಿ ಅದನ್ನು ಹಾಗೆಯೇ ಹಾಡಿಬಿಡುತ್ತಿದ್ದ ಹುಡುಗ. ಆ ಬೆರಗಿಗೇ ಈ ಬಿರುದು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಪ್ರೊಫೆಸರ್ ಬಿ. ಆರ್. ದೇವಧರ ಅವರ ಶಿಷ್ಯನಾದ. ಇಪ್ಪತ್ತು ತುಂಬುವ ಮೊದಲೇ ದೇಶದ ತುಂಬ ಹೆಸರು.

ಆಮೇಲೆ ಕ್ಷಯ ಬಂತು. ಒಣ ಹವೆ ಒಳ್ಳೆಯದೆಂದು 1948ರಲ್ಲಿ ಮಾಳವದ ದೇವಾಸಕ್ಕೆ ಹೋಗಿ ನೆಲೆಸಿದರು. ಹಾಡಕೂಡದು ಎಂದು ವೈದ್ಯರ ಕಟ್ಟಪ್ಪಣೆ. ಕ್ಷಯದ ರೋಗಾಣುವನ್ನು ಕೋಖ್ 1882ರಲ್ಲಿಯೇ ತೋರಿಸಿದ್ದರು. ಆದರೂ ಅದನ್ನು ಕೊಲ್ಲುವ ಮದ್ದಾದ ಸ್ಟ್ರೆಪ್ಟೊಮೈಸಿನ್ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಸಿಕ್ಕಿದ್ದು 1943ರಲ್ಲಿ. ಅದು ದೇವಾಸದ ಮನೆ ತಲುಪಲು ಇನ್ನೂ ಕೆಲವು ವರ್ಷ ಬೇಕಾದವು. ಅಲ್ಲಿಯತನಕ ಪತ್ನಿ ಭಾನುಮತಿಯವರ ಆರೈಕೆಯೇ ಆಸರೆ.

ಬಾಯಿ ಕಟ್ಟಿತ್ತು, ಕಿವಿ ತೆರೆದಿತ್ತು. ಹಾಸಿಗೆಯಲ್ಲಿದ್ದವರಿಗೆ ಹಕ್ಕಿಗಳ ದನಿ, ಬೀದಿಯಲ್ಲಿ ಹಾಡುತ್ತ ಭಿಕ್ಷೆಗೆ ಬರುವವರ ಪದ, ಮಾಳವದ ಹೆಂಗಸರ ಹಬ್ಬದ ಹಾಡು ಕೇಳುತ್ತಿದ್ದವು. ಅವರು ಈ ಧಾಟಿಗಳನ್ನು ಕೂಡಿಸತೊಡಗಿದರು. ಒಂದು ಜನಪದ ಧಾಟಿ ನಾಲ್ಕೈದು ಸ್ವರಗಳಲ್ಲಿಯೇ ಮುಗಿಯುತ್ತದೆ. ಆದರೆ ಆ ಸ್ವರಗಳು ಒಂದರ ಕೈ ಒಂದು ಹಿಡಿದು ನಡೆಯುವ ರೀತಿ ಇದೆಯಲ್ಲ, ಅದು ಯಾವ ಗುಣಾಕಾರದಿಂದಲೂ ಸಿಗುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಸ್ವರವನ್ನು ಸ್ವಲ್ಪ ಮುಟ್ಟಿ ಬಿಡಬೇಕು ಎಂಬುದನ್ನು ತಲೆಮಾರುಗಳ ಬಾಯಿ ತೀರ್ಮಾನಿಸಿರುತ್ತದೆ. ರಾಗದ ಬೀಜ ಈ ನಡಿಗೆಯಲ್ಲಿದೆ ಎಂದು ಕುಮಾರರು ಹಿಡಿದರು. ಮೇಲಕ್ಕೂ ಕೆಳಕ್ಕೂ ಹರಿಯಲು ದಾರಿ ಮಾಡಿಕೊಟ್ಟು, ಖ್ಯಾಲಿನ ವಿಸ್ತಾರಕ್ಕೆ ಒಗ್ಗುವಂತೆ ಬೆಳೆಸಿದರು. ಮಾಲವತಿ, ಸಂಜಾರಿ, ಲಗನ ಗಾಂಧಾರ, ಸಹೇಲಿ ತೋಡಿ ಹೀಗೆ ಹೊಸ ರಾಗಗಳು ಬಂದವು. ಸ್ವಂತ ಬಂದಿಶ್‌ಗಳ ಪುಸ್ತಕ ‘ಅನೂಪರಾಗವಿಲಾಸ’ 1965ರಲ್ಲಿ ಅಚ್ಚಾಯಿತು.

ಯುರೋಪಿನಲ್ಲಿಯೂ ಇಂಥ ಒಬ್ಬರಿದ್ದರು. ಸ್ಪೇನಿನ ಕಾದಿಸ್ ಊರಿನ ಮಾನುಯೆಲ್ ದೆ ಫಾಯಾ, 1876ರಿಂದ 1946. ಪ್ಯಾರಿಸಿನಲ್ಲಿ ಏಳು ವರ್ಷ ಇದ್ದು ಡೆಬುಸ್ಸಿಯಂಥವರ ಸಹವಾಸ ಮಾಡಿದರೂ ಅವರ ಕಿವಿ ತಮ್ಮ ನಾಡಿನತ್ತಲೇ. 1914ರಲ್ಲಿ ಸ್ಪೇನಿನ ಏಳು ಜನಪದ ಗೀತೆಗಳಿಗೆ ಪಿಯಾನೊ ಜೋಡಿಸಿದರು. 1922ರಲ್ಲಿ ಗ್ರಾನಡಾದಲ್ಲಿ ಕವಿ ಲೋರ್ಕಾ ಮೊದಲಾದವರೊಡನೆ ಹಳ್ಳಿಯ ‘ಆಳದ ಹಾಡಿ’ಗೆ ಒಂದು ಸ್ಪರ್ಧೆ ಇಟ್ಟರು. ಅಲ್ಲಿ ಮೆರೆದವರಲ್ಲಿ ಒಬ್ಬ ಎಪ್ಪತ್ತು ದಾಟಿದ ಮುದುಕ, ಇನ್ನೊಬ್ಬ ಇನ್ನೂ ಮೀಸೆ ಮೂಡದ ಹುಡುಗ! ಒಂದು ವ್ಯತ್ಯಾಸ ಮಾತ್ರ ಇದೆ. ಫಾಯಾ ಬರೆದದ್ದನ್ನು ವಾದ್ಯವೃಂದ ಬರೆದಂತೆಯೇ ನುಡಿಸಬೇಕು. ಕುಮಾರರ ಬಂದಿಶ್ ಎರಡು ನಾಲ್ಕು ಸಾಲಿನದು, ಉಳಿದದ್ದು ಹಾಡುವವನ ಪಾಲಿಗೆ.

1953ರ ಸುಮಾರಿಗೆ ಕುಮಾರರು ಮತ್ತೆ ವೇದಿಕೆಗೆ ಬಂದರು, ಒಂದೇ ಶ್ವಾಸಕೋಶದ ಬಲದಿಂದ. ಚಿಕ್ಕ ಚಿಕ್ಕ ಸ್ವರಗುಚ್ಛ, ನಡುನಡುವೆ ಮೌನ. ಉಸಿರು ಸಾಲದ್ದರಿಂದ ಹಾಗೆ ಎಂದು ಕೆಲವರು ವಿವರಿಸುತ್ತಾರೆ. ಇದ್ದೀತು. ಆದರೆ ಉಸಿರು ಸಾಲದವರೆಲ್ಲ ರಾಗ ಕಟ್ಟಲಿಲ್ಲ. ಘರಾಣೆಯ ಶಿಸ್ತು ಮುರಿದರೆಂಬ ಆಕ್ಷೇಪ ಅವರ ಮೇಲೆ ಕೊನೆಯತನಕ ಇತ್ತು. ಅವರ ರಾಗಗಳನ್ನು ಹಾಡುವವರು ಇಂದಿಗೂ ಬಹಳಿಲ್ಲ ಎಂಬುದನ್ನೂ ಒಪ್ಪಬೇಕು. 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ದೇವಾಸದಲ್ಲಿ ತೀರಿಕೊಂಡರು.

ನನ್ನನ್ನು ಕಾಡುವ ಪ್ರಶ್ನೆ ಬೇರೆಯದು. ಸುಳೇಭಾವಿಯ ಮಗನ ಕಿವಿ ಮಾಳವಕ್ಕೆ ದಕ್ಕಿತು. ನಮ್ಮ ಬೀಸುವ ಪದಕ್ಕೆ, ಹಂತಿಯ ಹಾಡಿಗೆ, ಡೊಳ್ಳಿನ ಪದಕ್ಕೆ ಅಂಥ ಕಿವಿ ಸಿಕ್ಕಿದೆಯೇ? ಮನೆಮನೆಗೆ ಹಿಟ್ಟಿನ ಗಿರಣಿಯ ದಾರಿ ಸಿಕ್ಕ ಮೇಲೆ ಬೀಸುವ ಕಲ್ಲು ಮೂಲೆ ಸೇರಿದೆ. ಆದರೂ ನಿಮ್ಮ ಅಜ್ಜಿಗೆ ಒಂದೆರಡು ಧಾಟಿ ನೆನಪಿದ್ದಾವು. ಹಾಡಿಸಿ, ಹಾರ್ಮೋನಿಯಂ ಮೇಲೆ ಸ್ವರ ಹುಡುಕಿ ನೋಡಿ. ಕೆಲವು ಸ್ವರ ಎರಡು ಮನೆಗಳ ನಡುವೆ ಬೀಳುತ್ತವೆ, ಪೆಟ್ಟಿಗೆಗೆ ಸಿಗುವುದಿಲ್ಲ.

ಇನ್ನು ಧ್ವನಿಮುದ್ರಣ ಕೇಳೋಣ. 1969ರ ಗಾಂಧಿ ಜನ್ಮಶತಾಬ್ದಿಗೆಂದು ಕುಮಾರರು ಕಟ್ಟಿದ ರಾಗ ಗಾಂಧಿ ಮಲ್ಹಾರ. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಗರಗದಲ್ಲಿ ಮೊದಲು ಅದನ್ನೇ ಹಾಕುತ್ತೇವೆ. ಶುರುವಿಗೆ ತಂಬೂರಿಯೊಂದನ್ನೇ ಆಲಿಸಿ. ಅದನ್ನು ಶ್ರುತಿಗೊಳಿಸುವುದರಲ್ಲಿ ಕುಮಾರರು ಬಹಳ ಕಟ್ಟುನಿಟ್ಟು. ಖರಜದ ತಂತಿ ಮೀಟಿದಾಗ ಅದರ ಮೂಲ ಕಂಪನದ ಐದು ಪಟ್ಟು ವೇಗದ ಕಂಪನವೂ ಏಳುತ್ತದೆ, ಅದೇ ಗಾಂಧಾರ. ಯಾರೂ ಮೀಟದ ಆ ಸ್ವರ ಕಿವಿಗೆ ಬೀಳಬೇಕಾದರೆ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ನೂಲು ಸರಿಯಾದ ಜಾಗದಲ್ಲಿ ಕೂರಬೇಕು. ಹಾಗೆ ಹೊಮ್ಮುವ ಝೇಂಕಾರಕ್ಕೆ ಜವಾರಿ ಎನ್ನುತ್ತಾರೆ.