ಫೈಲು ಓದುವವರು ಬೇಕು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕಲಬುರಗಿ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಎ. ಸೇರಲೋ ಬೇಡವೋ ಅಂತ ನಮ್ಮ ಹುಡುಗರು ಕೇಳ್ತಾರೆ. ಅದು ಸಾಹುಕಾರರ ಮಕ್ಕಳ ಓದು ಅಂತ ಕೆಲವರು, ಓದೋದಾದರೆ ಬೆಂಗಳೂರಲ್ಲೇ ಓದಬೇಕು ಅಂತ ಇನ್ನು ಕೆಲವರು. ಸಾರ್ವಜನಿಕ ಆಡಳಿತ ಅಂದರಂತೂ ಕೆ.ಎ.ಎಸ್. ಪರೀಕ್ಷೆಗೆ ಬಾಯಿಪಾಠ ಮಾಡೋ ವಿಷಯ ಅಂತ ತಿಳಿದಿದ್ದೇವೆ.

ಬಾಬಾಸಾಹೇಬರು ಏನು ಓದಿದರು ಅಂದರೆ ನಾವೆಲ್ಲ "ಕಾನೂನು" ಅನ್ನುತ್ತೇವೆ. 1915ರಲ್ಲಿ ಕೊಲಂಬಿಯಾದಲ್ಲಿ ಎಂ.ಎ.ಗಾಗಿ ಅವರು ಬರೆದದ್ದು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ. ಅಂಗಡಿ ಇಟ್ಟವರೇ ಸರ್ಕಾರವಾಗಿ ಕೂತ ಕಥೆ ಅದು. 1918ರಲ್ಲಿ ಮುಂಬೈಯ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಮೇಷ್ಟ್ರಾದರು. 1925ರ ಅವರ ಪುಸ್ತಕ ಬ್ರಿಟಿಷರ ಕಾಲದ ಪ್ರಾಂತೀಯ ಹಣಕಾಸಿನದು. ಹಣ ಎಲ್ಲಿಂದ ಹೊರಟು, ಯಾರ ರುಜುವಿನಿಂದ, ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ಓದಿಕೊಂಡವರೇ ಮುಂದೆ ಸಂವಿಧಾನದ ಕರಡಿಗೆ ಕೂತದ್ದು.

ಈಗ ನಮ್ಮ ಹಣದ ಕಥೆ ನೋಡಿ. ರಾಜ್ಯದ ಯೋಜನಾ ಹಣದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಪಾಲು ಇಡಬೇಕು ಎಂದು 2013ರಲ್ಲಿ ಕಾಯಿದೆ ಬಂತು. 2011ರ ಜನಗಣತಿಯಂತೆ ಅದು ಶೇ. 24.1. ಹಲಗೆ ಬಾರಿಸಿದೆವು. ಅದೇ ಕಾಯಿದೆಯ 7(ಡಿ) ಕಲಮನ್ನು ಎಷ್ಟು ಜನ ಓದಿದೆವು? ಊರಿಗೆಲ್ಲ ಸೇರಿ ಮಾಡಿದ ರಸ್ತೆ, ಸೇತುವೆಯ ಖರ್ಚಿನ ಒಂದು ಭಾಗವನ್ನು ನಮ್ಮ ಲೆಕ್ಕಕ್ಕೆ ಬರೆಯಲು ಅದು ದಾರಿ ಬಿಟ್ಟಿತ್ತು. ಕೇರಿಗೆ ಚರಂಡಿ ಬಾರದಿದ್ದರೂ ಪುಸ್ತಕದಲ್ಲಿ ಖರ್ಚು ಬೀಳಬಹುದಿತ್ತು. ಆ ಕಲಮು ತೆಗೆಯಲು 2023 ಬರಬೇಕಾಯಿತು. ಆಮೇಲೂ ಇದೇ ಹಣದ ಒಂದು ಪಾಲು ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಧಿಕ್ಕಾರ ಕೂಗೋಣ, ಬೇಡ ಅನ್ನಲ್ಲ. ಆದರೆ ಯಾವ ಲೆಕ್ಕಶೀರ್ಷಿಕೆಯಿಂದ ಎಷ್ಟು ಹೋಯಿತು ಅಂತ ಬಜೆಟ್ ಪುಸ್ತಕದ ಮೇಲೆ ಬೆರಳಿಟ್ಟು ತೋರಿಸೋ ಹುಡುಗಿಯೊಬ್ಬಳು ನಮ್ಮ ನಿಯೋಗದಲ್ಲಿದ್ದರೆ ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಸರ್ಕಾರಿ ಕಾಮಗಾರಿಯ ಗುತ್ತಿಗೆಯಲ್ಲೂ ಮೀಸಲಾತಿ ಇದೆ. 50 ಲಕ್ಷ ರೂಪಾಯಿವರೆಗಿನ ಕೆಲಸಕ್ಕಿದ್ದದ್ದು 2023ರಲ್ಲಿ 1 ಕೋಟಿಗೆ ಏರಿತು. ಟೆಂಡರು ನಮ್ಮವನ ಹೆಸರಲ್ಲಿ, ಲಾಭ ಇನ್ನೊಬ್ಬನ ಜೇಬಲ್ಲಿ, ಇದೂ ಉಂಟು. ಇ.ಎಂ.ಡಿ., ಬ್ಯಾಂಕ್ ಗ್ಯಾರಂಟಿ, ಅಳತೆ ಪುಸ್ತಕ ತಿಳಿಯದವನು ರುಜು ಹಾಕಿ, ಕೊಟ್ಟಷ್ಟು ಈಸಿಕೊಂಡು ಬರ್ತಾನೆ. ವ್ಯವಹಾರದ ಓದು ಬೇಕಾದದ್ದು ಇಲ್ಲಿ.

ಆ ಪಾಠಪುಸ್ತಕಗಳಲ್ಲಿ ದೊಡ್ಡ ಕಂಪನಿಗಳ ಕಥೆ ಇರುತ್ತದೆ, ನಮ್ಮ ಸಂತೆಯ ಬಡ್ಡಿ ಇರಲ್ಲ, ಜಾತಿ ಅನ್ನೋ ಅಕ್ಷರ ಸಿಗೋದು ಅಪರೂಪ. ಪದವಿ ಬಂದರೆ ಜಾತಿ ಹೋಗುತ್ತದೆ ಅಂತಲೂ ಅಲ್ಲ. ಬಾಬಾಸಾಹೇಬರೇ ಮುಂಬೈಯಲ್ಲಿ ಷೇರು ವ್ಯವಹಾರಕ್ಕೆ ಸಲಹೆ ಕೊಡೋ ಕೆಲಸ ತೆಗೆದಾಗ, ಜಾತಿ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಂತಿತು.

ಇನ್ನು ಬೆಂಗಳೂರಿನ ಮಾತು. ಕಲಬುರಗಿಯಲ್ಲಿ 1980ರಲ್ಲಿ ವಿಶ್ವವಿದ್ಯಾಲಯ ಆಗುವ ಮುಂಚೆ ಇಲ್ಲಿದ್ದದ್ದು ಧಾರವಾಡದವರ ಒಂದು ಸ್ನಾತಕೋತ್ತರ ಕೇಂದ್ರ. 371(ಜೆ) ಬಂದ ಮೇಲೆ ಈ ಭಾಗದವರಿಗೆ ಸೀಟಿನಲ್ಲೂ ನೌಕರಿಯಲ್ಲೂ ಮೀಸಲು ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಇಲ್ಲಿ ಓದೋನು ಶನಿವಾರ ಬಸ್ಸು ಹತ್ತಿದರೆ ರಾತ್ರಿಗೆ ಕೇರಿಯಲ್ಲಿರ್ತಾನೆ.

ಈ ಸಲ ಊರಿಗೆ ಹೋದವರು ಪಂಚಾಯಿತಿಯಲ್ಲಿ ಕ್ರಿಯಾಯೋಜನೆಯ ನಕಲು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಹಾಳೆಗಳನ್ನು ಹಾಸ್ಟೆಲಿಗೆ ತನ್ನಿ. ಬಿ.ಕಾಂ. ಹುಡುಗರು ಕೂಡಿ ಕಳೆಯಲಿ, ನಾವು ಪಕ್ಕದಲ್ಲಿ ಕೂತು ನೋಡುತ್ತೇವೆ.