ಚಕಮಕಿ ಕೋವಿಯೂ ಚಳಿಗಾಲದ ಜಿಂಕೆಯೂ



ಬೆಳೆಹಾನಿಯ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: “ಅಮೆರಿಕದಲ್ಲಿ ಸರ್ಕಾರವೇ ಜಿಂಕೆ ಬೇಟೆಗೆ ಅನುಮತಿ ಕೊಡುತ್ತದೆ. ಅದೂ ನಮ್ಮ ಕೇಪಿನ ಕೋವಿಯಂಥ ಹಳೆಯ ಕೋವಿಯಿಂದ. ಇಲ್ಲೇಕೆ ಕೂಡದು?” ಪ್ರಶ್ನೆ ನ್ಯಾಯವಾದುದೇ. ಆದ್ದರಿಂದ ಅಲ್ಲಿ ನಡೆಯುವುದೇನೆಂಬುದನ್ನು ಮೊದಲು ತಿಳಿಯೋಣ. ಪೆನ್ಸಿಲ್ವೇನಿಯಾ ರಾಜ್ಯವನ್ನು ಉದಾಹರಣೆಗೆ ಆರಿಸಿಕೊಂಡಿದ್ದೇನೆ.

ಆ ರಾಜ್ಯದಲ್ಲಿ 1974ರಿಂದ ಚಕಮಕಿ ಕೋವಿಗೆಂದೇ ಪ್ರತ್ಯೇಕ ಬೇಟೆಯ ಅವಧಿಯಿದೆ. ಸಾಮಾನ್ಯ ಬಂದೂಕಿನ ಬೇಟೆ ಮುಗಿದ ಮೇಲೆ, ಕ್ರಿಸ್ಮಸ್ ಮರುದಿನದಿಂದ ಜನವರಿಯ ನಡುವಿನವರೆಗೆ ಅದು ನಡೆಯುತ್ತದೆ. ಕೋವಿ 1800ಕ್ಕೆ ಮುಂಚಿನ ಮಾದರಿಯದಾಗಿರಬೇಕು. ನಳಿಗೆಯ ಬಾಯಿಂದ ಅಳೆದ ಕರಿಮದ್ದು ಸುರಿದು, ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಸೀಸದ ಗುಂಡನ್ನು ಇಟ್ಟು ಗಜದಿಂದ ಜಡಿಯಬೇಕು. ಪಕ್ಕದ ಪುಟ್ಟ ತಟ್ಟೆಗೆ ನುಣುಪು ಮದ್ದು ಹಾಕಬೇಕು. ಕುದುರೆ ಎಳೆದಾಗ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು. ನಮ್ಮ ಕೇಪಿನ ಕೋವಿ ಇದರ ಮುಂದಿನ ತಲೆಮಾರಿನದು. ಕೇಪು ಬಂದದ್ದೇ 19ನೇ ಶತಮಾನದಲ್ಲಿ. ಹಿಮದ ತೇವಕ್ಕೆ ತಟ್ಟೆಯ ಮದ್ದು ನೆನೆದರೆ ಈಡು ಹಾರದು. ಹಾರಿದರೂ ಐವತ್ತು ಅರವತ್ತು ಗಜದಾಚೆಗೆ ನೆಚ್ಚುವಂತಿಲ್ಲ. ಎರಡನೆಯ ಅವಕಾಶವೂ ದೊರೆಯುವುದಿಲ್ಲ. (ಬೇರೆ ಕೆಲವು ರಾಜ್ಯಗಳಲ್ಲಿ ದುರ್ಬೀನು ಕೂರಿಸಿದ ಆಧುನಿಕ ಕೋವಿಯನ್ನು ಬಾಯಿಂದ ಮದ್ದು ತುಂಬುವ ಒಂದೇ ಕಾರಣಕ್ಕೆ ಈ ವರ್ಗಕ್ಕೆ ಸೇರಿಸಿದ್ದಾರೆ. ಅದು ನನಗೆ ಹಾಸ್ಯಾಸ್ಪದವಾಗಿ ತೋರುತ್ತದೆ.)

ಆದರೆ ಜಿಂಕೆಯನ್ನು ಕಾಯ್ದದ್ದು ಕೋವಿಯ ನಿಧಾನವಲ್ಲ. 19ನೇ ಶತಮಾನದಲ್ಲಿ ಮಾಂಸ ಮತ್ತು ಚರ್ಮದ ವ್ಯಾಪಾರಕ್ಕಾಗಿ ಬೇಟೆಯಾಡಿ, ಕಾಡು ಕಡಿದು, ಆ ರಾಜ್ಯದಲ್ಲಿ ಬಿಳಿಬಾಲದ ಜಿಂಕೆಯನ್ನು ಬಹುತೇಕ ಅಳಿಸಿಬಿಟ್ಟಿದ್ದರು. ತೋಳವೂ ನಾಶವಾಯಿತು. 1906ರಿಂದ ಮಿಶಿಗನ್ ಮೊದಲಾದೆಡೆಗಳಿಂದ ಜಿಂಕೆಗಳನ್ನು ತಂದು ಬಿಡಬೇಕಾಯಿತು. 1907ರಲ್ಲಿ ಹೆಣ್ಣು ಜಿಂಕೆಗೆ ಕಾನೂನಿನ ರಕ್ಷಣೆ ದೊರೆಯಿತು. ತೋಳವಿಲ್ಲದ ಕಾಡಿನಲ್ಲಿ ಅವು ಎಷ್ಟು ಹೆಚ್ಚಿದವೆಂದರೆ, ಮರದ ಸಸಿಗಳೇ ಮೇಲೇಳದಂತಾಯಿತು. ಹೆಣ್ಣನ್ನೂ ಬೇಟೆಯಾಡಬೇಕೆಂಬ ನಿರ್ಧಾರ ಬಂದದ್ದು ಈ ಕಾರಣದಿಂದ.

ಅಲ್ಲಿ ಬೇಟೆಗಾರನಿಗೆ ಒಂದು ಜಿಂಕೆಗೆ ಒಂದು ಚೀಟಿ. ಕೊಂಬಿಲ್ಲದ ಜಿಂಕೆಗೆ ಎಷ್ಟು ಪರವಾನಗಿ ಎಂಬುದನ್ನು ಪ್ರತಿವರ್ಷ ಪ್ರದೇಶವಾರು ನಿರ್ಧರಿಸುತ್ತಾರೆ. ಹೊಡೆದದ್ದನ್ನು ವರದಿ ಮಾಡಬೇಕು. ಕಾಡುಜಿಂಕೆಯ ಮಾಂಸವನ್ನು ಮಾರುವಂತಿಲ್ಲ. 1937ರ ಕಾನೂನಿನಂತೆ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಜೀವಿ ಕಾರ್ಯಕ್ಕೆ ಸಲ್ಲುತ್ತದೆ. ಇಷ್ಟೆಲ್ಲ ಲೆಕ್ಕವಿಡುವ ವ್ಯವಸ್ಥೆ ನಮ್ಮಲ್ಲಿದೆಯೇ? ರಾತ್ರಿ ಬ್ಯಾಟರಿ ಬಿಟ್ಟು ಹೊಡೆದ ಕಡವೆಯ ಮಾಂಸ ಎಲ್ಲಿಗೆ ಹೋಗುತ್ತದೆಂದು ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾದ ಮೇಲೆ ಪರವಾನಗಿ ಪಡೆದು ಜಿಂಕೆ ಬೇಟೆಯಾಡುವ ಪದ್ಧತಿಯೇ ನಿಂತಿತು. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಗಿಯು ಜಿಂಕೆ ಹೊಡೆಯಲು ಅನುಮತಿಯಲ್ಲ. ಎಂ. ಡಿ. ಮಧುಸೂದನ್ ಮತ್ತು ಉಲ್ಲಾಸ ಕಾರಂತರು ನಾಗರಹೊಳೆ ಹಾಗೂ ಕುದುರೆಮುಖಗಳಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವು ಸ್ಥಳೀಯ ಬೇಟೆಯಿಂದ ದೊಡ್ಡ ಪ್ರಾಣಿಗಳಿಗೆ ಆಗುವ ಹಾನಿಯನ್ನೇ ಕುರಿತದ್ದು. ಹುಲಿ, ಚಿರತೆ, ಸೀಳುನಾಯಿಗಳು ನಮ್ಮ ಕಾಡಿನಲ್ಲಿ ಇನ್ನೂ ಇವೆ. ಕಡವೆ, ಜಿಂಕೆ, ಕಾಡುಕುರಿಗಳನ್ನು ನಾವು ಹೊಡೆದು ಮುಗಿಸಿದರೆ ಚಿರತೆ ಕೊಟ್ಟಿಗೆಗೆ ಬರುತ್ತದೆ.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಬಿಳಿಬಾಲದ ಜಿಂಕೆ ನವೆಂಬರಿನಲ್ಲಿ ಬೆದೆಗೆ ಬಂದು, ಸುಮಾರು 200 ದಿನಗಳ ಗರ್ಭದ ನಂತರ ಮೇ ಕೊನೆ, ಜೂನ್ ಹೊತ್ತಿಗೆ ಮರಿ ಹಾಕುತ್ತದೆ. ಜನವರಿಯ ವೇಳೆಗೆ ಮರಿಗೆ ಏಳು ತಿಂಗಳು, ತಾಯಿಯಿಲ್ಲದೆಯೂ ಬದುಕಬಲ್ಲುದು. ಹೊಟ್ಟೆಯಲ್ಲಿರುವ ಮರಿಯ ಲೆಕ್ಕವೂ ಮುಂದಿನ ವರ್ಷದ ಸಂಖ್ಯೆಯನ್ನು ತಗ್ಗಿಸುವ ಉದ್ದೇಶದೊಳಗೇ ಬರುತ್ತದೆ. ಕಠೋರವೆನಿಸಿದರೂ ಅವರ ಯೋಜನೆ ಅದು. ನಮ್ಮ ಚುಕ್ಕೆ ಜಿಂಕೆಯಾಗಲಿ ಕಾಡುಕುರಿಯಾಗಲಿ ಹೀಗೆ ಒಂದೇ ಋತುವಿಗೆ ಕಟ್ಟುಬಿದ್ದಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕಬಹುದು. ಹಳುವಿನ ಅಂಚಿನಲ್ಲಿ ಕಂಡ ಹೆಣ್ಣಿನ ಹಿಂದೆ ಹಾಲು ಕುಡಿಯುವ ಮರಿ ಅಡಗಿಲ್ಲವೆಂದು ಹೇಳಬಲ್ಲ ತಿಂಗಳು ನಮ್ಮ ಪಂಚಾಂಗದಲ್ಲಿಲ್ಲ.

ಕಾಡುಹಂದಿಯ ಪ್ರಶ್ನೆ ಬೇರೆ. ಗದ್ದೆ ಕಳೆದುಕೊಂಡವರು ಇಲ್ಲಿ ಅನೇಕರಿದ್ದೀರಿ. ಅದನ್ನು ಚರ್ಚೆಯ ವೇಳೆಗೆ ಎತ್ತಿಕೊಳ್ಳೋಣ.