ಪೋಸ್ಟರ್ ಕಣ್ಣಿಗೆ, ಐಸಿಎಸ್ ಫೈಲು ಫೋನಿಗೆ

(ಗೋವಾದ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಕಾರವಾರ, ಜೋಯಿಡಾ, ಖಾನಾಪುರ ಕಡೆಯಿಂದ ಬಂದವರು ಇದ್ದೀರಿ. ವಾಸ್ಕೋ, ಮಡಗಾಂವ್, ಮಾಪುಸಾದಲ್ಲೇ ಹುಟ್ಟಿ ಬೆಳೆದವರೂ ಇದ್ದೀರಿ. ಇವತ್ತಿನ ವಿಷಯ ದೊಡ್ಡದೇನಲ್ಲ. ನಮ್ಮ ಕಾರ್ಯಕ್ರಮದ ದಿನಾಂಕವನ್ನ ಮಂದಿಗೆ ಯಾವ ಫೈಲಿನಲ್ಲಿ ಕಳಿಸಬೇಕು ಅನ್ನೋದು, ಅಷ್ಟೇ. ಇದಕ್ಕೂ ಒಂದು ಭಾಷಣ ಬೇಕಾ ಅಂತ ನಿಮಗೆ ಅನ್ನಿಸಬಹುದು. ನಮಗೂ ಮೊದಲು ಹಂಗೇ ಅನ್ನಿಸಿತ್ತು.

ಎರಡು ವರ್ಷದ ಹಿಂದೆ ವಾಸ್ಕೋ ಹತ್ತಿರ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡೋ ಶಿಬಿರ ಇಟ್ಟುಕೊಂಡಿದ್ದೆವು. ಚಂದದ ಪೋಸ್ಟರ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಾಕಿದೆವು. ನಾಲ್ಕು ದಿನ ಇರುವಾಗ ಸಭಾಂಗಣ ಸಿಗಲಿಲ್ಲ, ಶಿಬಿರ ಮುಂದಿನ ಭಾನುವಾರಕ್ಕೆ ಹೋಯ್ತು. ಹೊಸ ಪೋಸ್ಟರ್ ಮಾಡಿ ಅದನ್ನೂ ಹಾಕಿದೆವು. ನಮ್ಮ ಕೆಲಸ ಮುಗೀತು ಅಂದುಕೊಂಡೆವು.

ಆದರೆ ಹಳೇ ಪೋಸ್ಟರ್ ಗುಂಪಿನಿಂದ ಗುಂಪಿಗೆ ಓಡಾಡ್ತಾನೇ ಇತ್ತು. ಹಳೇ ತಾರೀಖಿನ ದಿನ ಬಾಗಿಲು ಹಾಕಿದ ಸಭಾಂಗಣದ ಮುಂದೆ ಮಂದಿ ಬಂದು ನಿಂತಿದ್ದರು. ಗೌಂಡಿ ಕೆಲಸದವರು, ಅವತ್ತಿನ ಪಗಾರ ಬಿಟ್ಟು ಬಂದವರು. ಮಾಪುಸಾದಿಂದ ಪಣಜಿಗೆ, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಬಂದವರೂ ಇದ್ದರು. ಬಾಗಲಕೋಟೆ ಕಡೆಯ ಒಬ್ಬ ಅಕ್ಕ ಮಗಳ ಫೋನು ನಮ್ಮ ಮುಂದೆ ಹಿಡಿದು, "ಅಣ್ಣಾ, ಇದರಾಗ ಇವತ್ತಂತನ ಐತಲ್ಲ?" ಅಂದರು. ಅವರು ಹೇಳಿದ್ದು ಸರಿಯೇ ಇತ್ತು. ಅವರ ಫೋನಿನಲ್ಲಿ ಇವತ್ತು ಅಂತಲೇ ಇತ್ತು.

ಬ್ಯಾಂಕಿನ ಕೌಂಟರಿನಲ್ಲಿ ಕೂರೋ ನಮ್ಮಂಥವರಿಗೆ ಇದು ಮೊದಲೇ ಹೊಳೀಬೇಕಿತ್ತು. ಪಾಸ್‌ಬುಕ್ಕಿನ ಫೋಟೋ ತೆಗೆದಿಟ್ಟುಕೊಂಡರೆ ಅದು ಆ ದಿನದ ಬಾಕಿ ತೋರಿಸುತ್ತೆ. ನಾಳೆ ದುಡ್ಡು ತೆಗೆದರೂ ಫೋಟೋ ಬದಲಾಗಲ್ಲ. ಪೋಸ್ಟರೂ ಹಂಗೇ, ಪಿಡಿಎಫ್ ಕೂಡ ಹಂಗೇ. ಒಮ್ಮೆ ಕೈ ಬಿಟ್ಟರೆ ತಿದ್ದೋಕೆ ಆಗಲ್ಲ. ಹಿಂದಿನ ದಿನ ನೆನಪು ಮಾಡೋಕೂ ಅದಕ್ಕೆ ಬರಲ್ಲ, ಯಾಕಂದ್ರೆ ಫೋನಿನ ಕ್ಯಾಲೆಂಡರಿಗೆ ಅದು ಬರೀ ಚಿತ್ರ.

ಆಮೇಲೆ ನಾವು ಸಿಎಸ್‌ವಿ ಪ್ರಯತ್ನ ಮಾಡಿದೆವು. ಕಾಮರ್ಸ್ ಓದಿದವರಿಗೆ ಎಕ್ಸೆಲ್ ಮೇಲೆ ಪ್ರೀತಿ ಜಾಸ್ತಿ ನೋಡಿ. ವರ್ಷದ ಕಾರ್ಯಕ್ರಮಗಳನ್ನೆಲ್ಲ ಪಟ್ಟಿ ಮಾಡೋಕೆ ಅದು ಒಳ್ಳೇದೇ. ಗೂಗಲ್ ಕ್ಯಾಲೆಂಡರ್ ಅದನ್ನ ತಗೊಳ್ಳುತ್ತೆ ಕೂಡ. ತೊಂದರೆ ಬಂದಿದ್ದು ಎರಡು ಕಡೆ. ಒಂದು, ಸಿಎಸ್‌ವಿಯಲ್ಲಿ 01/11 ಅಂತ ಬರೆದರೆ ನಮಗೆ ನವೆಂಬರ್ 1, ಅಮೆರಿಕದ ಪದ್ಧತಿಯಲ್ಲಿ ಓದೋ ಗಣಕಕ್ಕೆ ಜನವರಿ 11. ರಾಜ್ಯೋತ್ಸವ ಹೋಗಿ ಸಂಕ್ರಾಂತಿ ಪಕ್ಕ ಕೂತುಬಿಡುತ್ತೆ! ಎರಡು, ಯುಟಿಎಫ್-8ರಲ್ಲಿ ಉಳಿಸಿದ ಕನ್ನಡ ಫೈಲನ್ನ ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಎಷ್ಟೋ ಸಲ ಅಕ್ಷರ ಹೋಗಿ ಕಸ ಕಾಣಿಸುತ್ತೆ.

ಕೊನೆಗೆ ನಾವು ಬಂದು ನಿಂತಿದ್ದು ಐಸಿಎಸ್ ಹತ್ತಿರ. ಪೂರ್ತಿ ಹೆಸರು ಐ-ಕ್ಯಾಲೆಂಡರ್. 1996ರಲ್ಲಿ ವಿ-ಕ್ಯಾಲೆಂಡರ್ ಅಂತ ಶುರುವಾದದ್ದು, 1998ರಲ್ಲಿ ಅಂತರ್ಜಾಲದ ಮಾನಕವಾಯ್ತು. 2009ರಲ್ಲಿ ಅದನ್ನೇ ಪರಿಷ್ಕರಿಸಿ ಆರ್‌ಎಫ್‌ಸಿ 5545 ಅಂತ ಪ್ರಕಟಿಸಿದರು. ಇದು ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಗೂಗಲ್, ಆ್ಯಪಲ್, ಔಟ್‌ಲುಕ್ ಮೂರೂ ಓದ್ತವೆ. ಒಳಗಿರೋದು ಸಾದಾ ಪಠ್ಯ. ದಿನಾಂಕ 20261101 ಅಂತ ಇರುತ್ತೆ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಗೊಂದಲಕ್ಕೆ ಜಾಗವೇ ಇಲ್ಲ. ಅಕ್ಷರಕ್ಕೆ ಯುಟಿಎಫ್-8 ಅಂತ ಮಾನಕದಲ್ಲೇ ಇದೆ, ಹಾಗಾಗಿ ಕಾರ್ಯಕ್ರಮದ ಹೆಸರನ್ನ ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷಿಗೆ ಹೋಗೋ ಅಗತ್ಯ ಇಲ್ಲ.

ನಮಗೆ ಬಹಳ ಹಿಡಿಸಿದ್ದು ಯುಐಡಿ. ಬ್ಯಾಂಕಿನ ಪ್ರತಿ ವ್ಯವಹಾರಕ್ಕೆ ಒಂದು ಉಲ್ಲೇಖ ಸಂಖ್ಯೆ ಇರೋ ಹಾಗೆ ಇಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಒಂದು ಗುರುತು ಇರುತ್ತೆ. ದಿನ ಬದಲಾದರೆ ಅದೇ ಗುರುತಿನ ಮೇಲೆ ತಿದ್ದುಪಡಿ ಹೋಗುತ್ತೆ. ರದ್ದಾದರೆ ರದ್ದು ಅಂತಲೂ ಹೇಳಬಹುದು. ಹೊಸ ಕಾರ್ಯಕ್ರಮ ಅಂತ ಇನ್ನೊಂದು ಹುಟ್ಟೋದಿಲ್ಲ.

ಆದರೆ ಐಸಿಎಸ್ ಫೈಲು ಕಳಿಸಿದ್ರೆ ಸಾಕು ಅಂತಲ್ಲ. ಒಮ್ಮೆ ಕಳಿಸಿದ ಫೈಲು ತಾನಾಗಿ ಬದಲಾಗಲ್ಲ, ತಿದ್ದಿದ್ದನ್ನ ಮತ್ತೆ ಕಳಿಸಬೇಕು. ಅದನ್ನ ಕೆಲವು ಆ್ಯಪ್ ಸರಿಯಾಗಿ ಹೊಂದಿಸಿಕೊಳ್ತವೆ, ಕೆಲವು ಎರಡೆರಡು ತೋರಿಸ್ತವೆ. ಅದಕ್ಕೆ ಮೇಲಾದ ದಾರಿ ಕೊಂಡಿ. ಗುಂಪಿಗೆ ಅಂತಲೇ ಒಂದು ಬೇರೆ ಕ್ಯಾಲೆಂಡರ್ ಮಾಡಿ, ಅದರ ಐಸಿಎಸ್ ಕೊಂಡಿ ಹಂಚಿ. ಮಂದಿ ಅದಕ್ಕೆ ಚಂದಾದಾರರಾದರೆ ನಾವು ಒಂದು ಕಡೆ ತಿದ್ದಿದ್ದು ಎಲ್ಲರ ಫೋನಿಗೂ ಹೋಗುತ್ತೆ. ಕೂಡಲೇ ಅಲ್ಲ, ಕೆಲವು ಗಂಟೆ ತಡವಾಗಬಹುದು. ಗೂಗಲ್ ಬಳಸೋರು ಈ ಕೊಂಡಿಯನ್ನ ಮೊದಲ ಸಲ ಕಂಪ್ಯೂಟರಿನ ಬ್ರೌಸರಿನಲ್ಲಿ ಸೇರಿಸೋದು ಸುಲಭ, ಆಮೇಲೆ ಫೋನಿನಲ್ಲೂ ಕಾಣುತ್ತೆ.

ನಾವು ಎಡವಿ ಕಲಿತ ಕೆಲವು ಮಾತು ಹೇಳ್ತೀವಿ, ನೀವು ಎಡವಬೇಡಿ.

ಮೊದಲನೇದು ಸಮಯ. ವಲಯ ಏಷ್ಯಾ/ಕೋಲ್ಕತಾ ಅಂತ ಇರಲಿ. ಬೆಳಿಗ್ಗೆ 10 ಗಂಟೆಯನ್ನ ತಪ್ಪಿ ಯುಟಿಸಿ ಅಂತ ಹಾಕಿದರೆ ನಮ್ಮ ಮಂದಿಗೆ ಮಧ್ಯಾಹ್ನ 3:30 ಅಂತ ಕಾಣುತ್ತೆ. ವಲಯ ಸರಿ ಇದ್ದರೆ ಆನ್‌ಲೈನ್ ಸಭೆಗೆ ಸೇರೋ ದುಬೈ ಅಣ್ಣಂದಿರಿಗೂ ಅದೇ ಫೈಲು ತಾನಾಗಿ 8:30 ತೋರಿಸುತ್ತೆ.

ಎರಡನೇದು ಇಡೀ ದಿನದ ಕಾರ್ಯಕ್ರಮ. ಐಸಿಎಸ್‌ನಲ್ಲಿ ಮುಗಿಯೋ ದಿನ ಲೆಕ್ಕಕ್ಕೆ ಬರಲ್ಲ. ನವೆಂಬರ್ 1 ಮತ್ತು 2 ಎರಡು ದಿನದ ಕಾರ್ಯಕ್ರಮ ಇದ್ದರೆ ಫೈಲಿನೊಳಗೆ ಮುಗಿಯೋ ದಿನ 3 ಅಂತ ಇರಬೇಕು. ಎಫ್‌ಡಿಯಲ್ಲಿ ಅವಧಿ ಮುಗಿಯೋ ದಿನಕ್ಕೆ ಬಡ್ಡಿ ಇಲ್ಲವಲ್ಲ, ಹಂಗೇ ನೆನಪಿಟ್ಟುಕೊಳ್ಳಿ.

ಮೂರನೇದು ಮತ್ತೆ ಮತ್ತೆ ಬರೋ ದಿನಗಳು. ಬ್ಯಾಂಕಿಗೆ 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಅದನ್ನ ಐಸಿಎಸ್‌ನಲ್ಲಿ ಒಂದೇ ಸಾಲಿನ ನಿಯಮದಲ್ಲಿ ಹೇಳಬಹುದು. ರಾಜ್ಯೋತ್ಸವಕ್ಕೂ ಪ್ರತಿ ವರ್ಷ ಅಂತ ಹಾಕಿದರೆ ಆಯ್ತು. ಯುಗಾದಿಗೆ ಹಾಗೆ ಹಾಕಬೇಡಿ. 2024ರಲ್ಲಿ ಅದು ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಚಾಂದ್ರಮಾನದ ಹಬ್ಬ, ಬಸವ ಜಯಂತಿ, ಕನಕ ಜಯಂತಿಗಳನ್ನ ಪಂಚಾಂಗ ನೋಡಿ ವರ್ಷವರ್ಷಕ್ಕೂ ಕೈಯಿಂದಲೇ ಹಾಕಬೇಕು.

ನಾಲ್ಕನೇದು, ಫೈಲನ್ನ ನೋಟ್‌ಪ್ಯಾಡಿನಲ್ಲಿ ಕೈಯಾರೆ ಬರೆಯೋ ಹುಮ್ಮಸ್ಸು ಬೇಡ. ಒಂದು ಸಾಲು 75 ಬೈಟ್ ಮೀರಬಾರದು ಅಂತ ಮಾನಕ ಹೇಳುತ್ತೆ. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. "ರಾಜ್ಯೋತ್ಸವ" ಅನ್ನೋ ಒಂದು ಪದಕ್ಕೇ 30 ಬೈಟ್. ಕ್ಯಾಲೆಂಡರ್ ಆ್ಯಪಿನಲ್ಲಿ ತುಂಬಿ ರಫ್ತು ಮಾಡಿದರೆ ಸಾಲು ಮಡಚೋ ಕೆಲಸ ಅದೇ ನೋಡಿಕೊಳ್ಳುತ್ತೆ.

ಕೊನೇದು ಬ್ಯಾಂಕಿನವರ ಎಚ್ಚರಿಕೆ. ಸಾರ್ವಜನಿಕ ಕೊಂಡಿ ಯಾರ ಕೈಗೂ ಹೋಗಬಹುದು. ಅದರಲ್ಲಿ ಅರ್ಜಿದಾರರ ಹೆಸರು, ಆಧಾರ್ ಸಂಖ್ಯೆ, ಹೆಣ್ಣುಮಕ್ಕಳ ಫೋನ್ ನಂಬರು ಏನೂ ಹಾಕಬೇಡಿ. ದಿನ, ಸಮಯ, ಜಾಗ, ತರಬೇಕಾದ ಕಾಗದ, ಅಷ್ಟು ಸಾಕು. ತಿದ್ದೋ ಅಧಿಕಾರ ಇಬ್ಬರಿಗೆ ಮಾತ್ರ ಇರಲಿ.

ಹಾಗಂತ ಪೋಸ್ಟರ್ ಬಿಡಿ ಅಂತ ನಾವು ಹೇಳ್ತಿಲ್ಲ. ಮಂದಿ ಮೊದಲು ನೋಡೋದು ಅದನ್ನೇ. ಪೋಸ್ಟರ್ ಹಾಕಿ, ಅದರ ಕೆಳಗೇ ಕೊಂಡಿ ಹಾಕಿ, ಕೊಂಡಿ ಬೇಡ ಅನ್ನೋರಿಗೆ ಐಸಿಎಸ್ ಫೈಲು ಕೊಡಿ. ಸಣ್ಣ ಫೋನು ಇಟ್ಟುಕೊಂಡವರಿಗೆ, ಓದೋಕೆ ಬಾರದವರಿಗೆ ಇದ್ಯಾವುದೂ ತಲುಪಲ್ಲ. ಅವರ ಪಟ್ಟಿ ಮಾಡಿ, ದಿನ ಬದಲಾದ ದಿನವೇ ಫೋನು ಮಾಡಿ. ಪಟ್ಟಿಯನ್ನ ಓಣಿವಾರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಏಳೆಂಟು ಕರೆ ಬರಬಹುದು, ಅಷ್ಟೇ.

ಮುಂದಿನ ಶಿಬಿರಕ್ಕೆ ಇನ್ನೂ ಮೂರು ವಾರ ಇದೆ. ಇವತ್ತು ಮನೆಗೆ ಹೋಗೋ ಮುಂಚೆ ಇಲ್ಲೇ ಕೂತು ಕ್ಯಾಲೆಂಡರ್ ಮಾಡೋಣ. ಲ್ಯಾಪ್‌ಟಾಪ್ ಇಬ್ಬರು ತಂದಿದ್ದೀರಿ, ಸಾಕು. ಒಂದು ಕಾರ್ಯಕ್ರಮ ಹಾಕಿ, ದಿನ ಬದಲಿಸಿ, ನಿಮ್ಮ ನಿಮ್ಮ ಫೋನಿನಲ್ಲಿ ಬದಲಾಯ್ತಾ ನೋಡಿ, ನಾಳೆ ಬೆಳಿಗ್ಗೆ ಗುಂಪಿನಲ್ಲಿ ತಿಳಿಸಿ. ಇನ್ನೊಮ್ಮೆ ಆ ಅಕ್ಕ ಬಾಗಿಲು ಹಾಕಿದ ಸಭಾಂಗಣದ ಮುಂದೆ ನಿಲ್ಲಬಾರದು.